ಹದಿನಾಲ್ಕನೆಯ ಒಪ್ಪಿಗೆ ಪತ್ರ

"ನಾ ಒಲ್ಲೆರಿ," ಎಂದಳು ಕಾಡವ್ವ.

ಪ್ರಿನ್ಸಿಪಾಲ್ ನಿಜಗುಣಪ್ಪನವರ ಚೇಂಬರಿನಲ್ಲಿ ಕಪ್ಪು-ಬಸಿಗಳ ಸದ್ದು ನಿಂತುಹೋಯಿತು. ಸವದತ್ತಿಯ ಆ ಕಾಲೇಜಿನಲ್ಲಿ ಕಸ ಗುಡಿಸುವ, ಪಾಯಖಾನೆ ತೊಳೆಯುವ ಹದಿನಾಲ್ಕು ಮಂದಿ ಹೆಂಗಸರು ಗೋಡೆಗುಂಟ ಸಾಲಾಗಿ ನಿಂತಿದ್ದರು. ಹದಿಮೂರು ಮಂದಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಯೋ ಹೆಬ್ಬೆಟ್ಟು ಒತ್ತಿಯೋ, ಪ್ರಶ್ನೆಗಳಿಗೆ ಉತ್ತರವನ್ನೂ ಕೊಟ್ಟು ಕೈ ತೊಳೆದುಕೊಂಡಿದ್ದರು. ಕೊನೆಯವಳು ಕಾಡವ್ವ. ಅವಳ ಮುಂದೆ ಹಾಳೆ ಚಾಚಿ ನಿಂತಿದ್ದ ಸಂಶೋಧನಾ ವಿದ್ಯಾರ್ಥಿನಿ ಪೂನಮ್‌ಗೆ, ಚಾಚಿದ ಕೈಯನ್ನು ಏನು ಮಾಡಬೇಕೆಂದೇ ತೋಚಲಿಲ್ಲ.

ಪ್ರಿನ್ಸಿಪಾಲರು ಕೆಟ್ಟವರಲ್ಲ. ರಾಮದುರ್ಗದಿಂದ ಬಸ್ಸು ಹತ್ತಿ ಬಂದ ಹುಡುಗಿ ಬಿಸಿಲಲ್ಲಿ ಒಬ್ಬೊಬ್ಬರನ್ನೇ ಹುಡುಕಿಕೊಂಡು ಅಲೆಯುವುದು ಬೇಡವೆಂದು ತಾವೇ ಎಲ್ಲರನ್ನೂ ಕರೆಸಿ, ಫ್ಯಾನು ಹಚ್ಚಿಸಿ, ಚಹಾ-ಚೂಡಾ ತರಿಸಿದ್ದರು. ಕೆಲಸ ಸುಸೂತ್ರವಾಗಲೆಂದು ತಾವೂ ಕುರ್ಚಿ ಬಿಟ್ಟು ಕದಲದೆ ಕುಳಿತಿದ್ದರು. ಪೂನಮ್ ಮನಸ್ಸಿನಲ್ಲೇ ಅವರಿಗೆ ಕೈಮುಗಿದಿದ್ದಳು. ಈ ಹೆಂಗಸರ ಕೆಲಸದ ಸ್ಥಿತಿಗತಿಯ ಸಮೀಕ್ಷೆ ಮಾಡಲು ವಿಶ್ವವಿದ್ಯಾಲಯದ ಸಮಿತಿ ಕೊಟ್ಟ ಅನುಮತಿ ಇವತ್ತಿಗೆ ಮುಗಿಯುತ್ತಿತ್ತು. ಇವತ್ತು ತಪ್ಪಿದರೆ ಮತ್ತೆ ಅರ್ಜಿ, ಮತ್ತೆ ಸಭೆ, ಮತ್ತೆ ಆರು ತಿಂಗಳು.

"ಯಾಕವಾ? ಎಲ್ಲಾರೂ ಮಾಡ್ಯಾರ, ನಿಂದೇನ ದೊಡ್ಡದು?" ಎಂದರು ಪ್ರಿನ್ಸಿಪಾಲರು.

"ತಪ್ಪ ತಿಳೀಬ್ಯಾಡ್ರಿ ಸಾಹೇಬ್ರ. ಅಕ್ಕಾರ ಈಗ ಓದಿ ಹೇಳಿದ್ರಲ್ರಿ, ಮನಸ್ಸಿದ್ರ ಹೂಂ ಅನ್ನು, ಇಲ್ಲಂದ್ರ ಒಲ್ಲೆ ಅನ್ನು, ಯಾಕಂತ ಯಾರೂ ಕೇಳಂಗಿಲ್ಲಂತ. ಅದಕ್ಕ ಒಲ್ಲೆ ಅಂದ್ನಿ."

"ಅದು ಸುಮ್ನ ಓದೂದವಾ! ನಿಯಮ ಐತಿ, ಓದತಾರ."

ಪೂನಮ್‌ಗೆ ಚುರುಕ್ಕೆಂದಿತು. ಹೌದು, ಅವಳೂ ಸುಮ್ಮನೆಯೇ ಓದಿದ್ದಳು. ಕೈಯಲ್ಲಿದ್ದ ಹಾಳೆಗಳನ್ನು ತಿರುವಿದಳು. ಸಾಹೇಬರ ಎದುರು ಹದಿಮೂರು ಮಂದಿಗೂ ಎಲ್ಲವೂ 'ಭಾಳ ಚಲೋ' ಇತ್ತು. ಕೂಡುವ ಜಾಗ ಭಾಳ ಚಲೋ, ಕೈಗವಸು ಭಾಳ ಚಲೋ, ಜನ ಮಾತಾಡಿಸುವ ರೀತಿ ಭಾಳ ಚಲೋ. ಅದೇ ಮುಂಜಾನೆ ಇವರು ಮೆಟ್ಟಿಲ ಕೆಳಗಿನ ಸಂದಿಯಲ್ಲಿ, ಫಿನಾಯಿಲ್ ಡಬ್ಬಿಗಳ ನಡುವೆ ಮುದುಡಿ ಕುಳಿತು ರೊಟ್ಟಿ ತಿನ್ನುತ್ತಿದ್ದುದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಮೇಲಧಿಕಾರಿಗಳ ಎದುರು ಯಾರ ಒಪ್ಪಿಗೆಯನ್ನೂ ಪಡೆಯಕೂಡದು ಎಂಬ ನಿಯಮಕ್ಕೆ ತಾನೇ ಸಹಿ ಹಾಕಿ ಬಂದದ್ದು ಈಗ ನೆನಪಾಯಿತು. ಕಾಡವ್ವ ಗುತ್ತಿಗೆಯ ಕೆಲಸದವಳು. ಮುಂದಿನ ವಾರ ಗುತ್ತಿಗೆ ಹೊಸದಾಗುವಾಗ ಯಾರ ಹೆಸರು ಉಳಿಯಬೇಕು, ಯಾರದು ಹೋಗಬೇಕು ಎಂದು ಬರೆಯುವುದು ಈ ಪ್ರಿನ್ಸಿಪಾಲರದೇ ಪೆನ್ನು. ಅಷ್ಟು ಗೊತ್ತಿದ್ದೂ ಒಲ್ಲೆ ಎಂದಳಲ್ಲ, ಏನು ಎದೆಗಾರಿಕೆ ಈ ಹೆಂಗಸಿನದು! ಪೂನಮ್‌ಗೆ ತನ್ನ ಆರು ತಿಂಗಳ ಲೆಕ್ಕ ನೆನೆದು ನಾಚಿಕೆಯಾಯಿತು.

"ಸರ, ತಪ್ಪ ನಂದೈತ್ರಿ," ಎಂದವಳೇ ಹದಿಮೂರು ಹಾಳೆಗಳನ್ನೂ ಅಡ್ಡಡ್ಡ ಹರಿದಳು. "ನೀವ ಇದ್ದಾಗ ಇವ್ರನ್ನ ಕೇಳಬಾರದಿತ್ರಿ. ಇವು ನಡೆಯಂಗಿಲ್ರಿ."

"ಅಂದ್ರ? ನಾ ಏನ ಇವ್ರನ್ನ ತಿಂತೇನೇನು?"

ಹದಿಮೂರು ಮಂದಿ ನೆಲ ನೋಡುತ್ತ ನಿಂತರು. ಪ್ರಿನ್ಸಿಪಾಲರು ಆ ಬಾಗಿದ ತಲೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಅವರ ಮುಖ ಸಣ್ಣದಾಯಿತು. ಮೇಜಿನ ಮೇಲಿನ ಚಷ್ಮಾ ತೆಗೆದುಕೊಂಡು ಎದ್ದರು.

"ಎಷ್ಟೊತ್ತ ಬೇಕು?"

"ಎರಡ ತಾಸ ಸಾಕ್ರಿ ಸರ."

"ಆತು," ಎಂದವರು ಹೊರಗೆ ಹೋಗಿ, ತಮ್ಮ ಚೇಂಬರಿನ ಬಾಗಿಲನ್ನು ತಾವೇ ಎಳೆದುಕೊಂಡರು. ಅದೂ ಎಲ್ಲರ ಕೈಯಲ್ಲಿ ಆಗುವ ಮಾತಲ್ಲ.

ಪೂನಮ್ ಎಲ್ಲರನ್ನೂ ಕುರ್ಚಿಗಳ ಮೇಲೆ ಕೂರಿಸಿ, ಒಪ್ಪಿಗೆ ಪತ್ರವನ್ನು ಈ ಸಲ ತಡೆತಡೆದು, ಒಂದೊಂದೇ ಸಾಲು ಬಿಡಿಸಿ ಹೇಳಿದಳು. ಆಮೇಲೆ ಒಬ್ಬೊಬ್ಬರನ್ನೇ ಮೂಲೆಯ ಕಿಟಕಿಯ ಹತ್ತಿರ ಕರೆದಳು. ಮೊದಲು ಬಂದ ಸತ್ಯವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಳು, ಆಮೇಲೆ ಒಮ್ಮೆಲೇ ಹೇಳಿದಳು: "ಹನ್ನೊಂದ ವರ್ಷ ಆತ್ರಿ ಇಲ್ಲೆ. ಇನ್ನೂ ಯಾರಿಗೂ ನನ್ನ ಹೆಸರ ಗೊತ್ತಿಲ್ರಿ. 'ಏ ಕಸಬರಿಗಿ' ಅಂತ ಕರೀತಾರ್ರಿ." ಇನ್ನೊಬ್ಬಳು ಆ್ಯಸಿಡ್ಡಿಗೆ ಸುಟ್ಟ ಬೆರಳು ತೋರಿಸಿದಳು. ಮತ್ತೊಬ್ಬಳು ಸೀರೆ ಬದಲಿಸಲು ಒಂದು ಮರೆ ಇಲ್ಲದ್ದನ್ನು ಹೇಳುತ್ತ ಅತ್ತೇಬಿಟ್ಟಳು. ಇಬ್ಬರು ಮಾತ್ರ ಒಲ್ಲೆವೆಂದರು, ಹಾಗೆಂದು ನಿಶ್ಚಿಂತೆಯಿಂದ ಚೂಡಾ ತಿನ್ನತೊಡಗಿದರು. ಪೂನಮ್ ಬರೆದಳು, ಬರೆದಳು, ಬೆರಳು ನೋಯುವ ತನಕ ಬರೆದಳು.

ಕೊನೆಗೆ ಕಾಡವ್ವನ ಸರದಿ. "ಈಗ ಹೇಳ್ರಿ ಕಾಡವ್ವಾರ."

"ನಾ ಒಲ್ಲೆರಿ."

"ಸಾಹೇಬ್ರ ಇಲ್ಲಲ್ರಿ ಈಗ? ಇನ್ನೇನ್ರಿ ಅಂಜಿಕಿ?"

"ಅಂಜಿಕಿ ಇದ್ರ ಆಗಲೇ ಹೆಬ್ಬಟ್ಟ ಒತ್ತತಿದ್ನಿ ಅಕ್ಕಾರ." ಕಾಡವ್ವ ನಕ್ಕಳು. "ಒಲ್ಲೆ ಅಂದ್ರೂ ಕೆಲಸ ಹೋಗಂಗಿಲ್ಲಂತ ನೀವು ಓದಿದ್ರಿ. ಅದು ಖರೇನೋ ಸುಳ್ಳೋ ಈ ಹದಿಮೂರು ಮಂದಿಗೆ ಹೆಂಗ ಗೊತ್ತಾಗಬೇಕ್ರಿ? ಸಾಹೇಬ್ರ ಮುಂದ ಒಲ್ಲೆ ಅಂದಾಕಿ ಮುಂದಿನ ವಾರನೂ ಇಲ್ಲೇ ಕಸಾ ಹೊಡಿಯೂದನ್ನ ಇವ್ರು ನೋಡಲಿ. ಆಮ್ಯಾಲೆ ಯಾರ ಬಂದ ಕೇಳಿದ್ರೂ, ಹೂಂ ಅನ್ನೂದೂ ಇವರಿಗೆ ಬಿಟ್ಟದ್ದು, ಒಲ್ಲೆ ಅನ್ನೂದೂ ಇವರಿಗೆ ಬಿಟ್ಟದ್ದು."

ಪೂನಮ್ ಪೆನ್ನು ಕೆಳಗಿಟ್ಟಳು. "ಒಂದ ವ್ಯಾಳ್ಯಾ ನಿಮ್ಮನ್ನ ತಗದ್ರ?"

ಕಾಡವ್ವ ಎದ್ದು ಸೆರಗು ಸಿಕ್ಕಿಸಿಕೊಂಡಳು.

"ಆವಾಗ ಬರ್ರಿ. ಎಲ್ಲಾ ಹೇಳತೇನಿ. ಹೆಸರ ಮುಚ್ಚಿಡಬ್ಯಾಡ್ರಿ, ದೊಡ್ಡ ಅಕ್ಷರದಾಗ ಬರ್ಕೋರಿ."