ಮೂಡಣ ಬೆಟ್ಟದ ಮೇಲೆ ಕೃತ್ತಿಕೆ

“ಕಳ್ಳ ಆಕಾಶ!”

ಮಾವ ಭೂತಗನ್ನಡಿಯನ್ನು ಊಟದ ಮೇಜಿನ ಮೇಲೆ ಕುಕ್ಕಿದರು. ಎದುರಿಗಿದ್ದ ಚಿತ್ರದಲ್ಲಿ ಒಂದು ಕೆರೆ, ಕೆರೆಯಾಚೆ ತೋಪು, ಮೇಲೆ ನಕ್ಷತ್ರ ತುಂಬಿದ ರಾತ್ರಿ. ಅದನ್ನು ತಂದಿಟ್ಟ ಸೊಸೆ ಮೇಜಿನ ಪಕ್ಕ ನಿಂತಿದ್ದಳು.

“ಚಂದ್ರ ಎಡಗಡೆ ಇದಾನೆ. ಮರದ ನೆರಳೂ ಎಡಗಡೆಗೇ ಬಿದ್ದಿದೆ. ಹಗಲಲ್ಲಿ ತೆಗೆದ ಫೋಟೋಗೆ ರಾತ್ರಿ ಅಂಟಿಸಿದೀಯ. ನನ್ನ ಕಿವಿ ಮೇಲೇ ಹೂವಾ?”

ಅದು ಮೂರನೆಯ ಚಿತ್ರ. ಮೊದಲನೆಯದರಲ್ಲಿ ಬಿದಿಗೆ ಚಂದ್ರನ ಎರಡು ಕೊಂಬುಗಳ ನಡುವೆ ಒಂದು ನಕ್ಷತ್ರ ಮಿನುಗಿ ಮಾನ ಕಳೆದಿತ್ತು. ಎರಡನೆಯದರಲ್ಲಿ ಆಕಾಶವೇನೋ ಪರವಾಗಿಲ್ಲ, ಆದರೆ ಕೆಳಗೆ ಮೂಲೆಯಲ್ಲಿ ಒಬ್ಬ ಮಹಾರಾಯ ಕಪ್ಪು ಕನ್ನಡಕ ಹಾಕಿಕೊಂಡು, ಕೊಡೆ ಬಿಚ್ಚಿಕೊಂಡು ನಡೆದಿದ್ದ.

ಸೊಸೆಯ ಕಸುಬೇ ಅದು. ಹಗಲಲ್ಲಿ ತೆಗೆದ ಬೆಟ್ಟ, ಬಯಲು, ಬಂಗಲೆಗಳ ಫೋಟೋ ಅವಳ ಕೈಗೆ ಬರುತ್ತವೆ. ಅವಳು ಕಂಪ್ಯೂಟರಿನಲ್ಲಿ ಇದ್ದ ಆಕಾಶ ಕತ್ತರಿಸಿ ತೆಗೆದು, ರಾತ್ರಿ ಕೂರಿಸಿ ಕಳಿಸುತ್ತಾಳೆ. ಈಗ ಕ್ಯಾಲೆಂಡರ್ ಕಂಪನಿಯೊಂದು ಹನ್ನೆರಡು ತಿಂಗಳಿಗೆ ಹನ್ನೆರಡು ರಾತ್ರಿ ಕೇಳಿತ್ತು. ಅವಳ ಪಾಲಿನ ಮೊದಲ ದೊಡ್ಡ ಕೆಲಸ. ಸೋಮವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಮಾಡುವುದೆಲ್ಲಿ? ಈ ಊಟದ ಮೇಜಿನ ಮೇಲೆ ಸಾಧ್ಯವೇ ಇರಲಿಲ್ಲ. ಕಿಟಕಿಯ ಬಿಸಿಲು ಪರದೆಗೆ ಹೊಡೆದು ಕಪ್ಪು ಯಾವುದು, ಕಡುನೀಲಿ ಯಾವುದು ತಿಳಿಯುತ್ತಿರಲಿಲ್ಲ. ದಿನಕ್ಕೆ ಮೂರು ಸಲ ತಟ್ಟೆಗಳು ಬಂದಾಗ ಕಂಪ್ಯೂಟರ್ ಎತ್ತಬೇಕು. ಮಾಳಿಗೆಯಲ್ಲಿ ಹೇಳಿ ಮಾಡಿಸಿದಂಥ ಕೋಣೆ ಇತ್ತು. ಬಿಸಿಲು ಬೀಳದು, ಬಾಗಿಲಿಗೆ ಚಿಲಕವೂ ಉಂಟು. ಆದರೆ ಅಲ್ಲಿ ಮಾವನ ಮೂವತ್ತು ವರ್ಷದ ಪತ್ರಿಕೆಗಳ ಕಟ್ಟುಗಳು ಸಂಸಾರ ಹೂಡಿದ್ದವು. ಬೀಗದಕೈ ಮಾವನ ಜೇಬಿನಲ್ಲಿ.

ಮಾವ ನಿವೃತ್ತ ಭೂಗೋಳದ ಮೇಷ್ಟರು. ಊರಿನ ಮಕ್ಕಳು ಬೆನ್ನ ಹಿಂದೆ ಗ್ಲೋಬು ಮೇಷ್ಟರು ಅನ್ನುತ್ತಿದ್ದರು. ತಮ್ಮ ಪಾಠಕ್ಕೆ ಸಿಕ್ಕ ಬಿರುದೆಂದು ಅವರು ಹಿಗ್ಗುತ್ತಿದ್ದರು. ಅವರಿಗೆ ಗೊತ್ತಿಲ್ಲದ ನಕ್ಷತ್ರವಿಲ್ಲ, ಅವರು ಹತ್ತದ ಬೆಟ್ಟವಿಲ್ಲ. ಕಡೇಪಕ್ಷ, ‘ಗೊತ್ತಿಲ್ಲ’ ಎಂಬ ಮಾತನ್ನು ಅವರ ಬಾಯಿಂದ ಈವರೆಗೆ ಯಾರೂ ಕೇಳಿಲ್ಲ.

“ಸುಳ್ಳು ಆಕಾಶ ಹೊಲಿಯೋಕೆ ನನ್ನ ಕೋಣೆ ಕೊಡಲ್ಲ,” ಎಂದರು ಮಾವ. “ಆಕಾಶ ಅಸಲಿ ಇರೋ ಒಂದೇ ಒಂದು ಚಿತ್ರ ತಂದು ತೋರಿಸು. ನನ್ನ ಬಾಯಲ್ಲೇ ಅಸಲಿ ಅನ್ನಿಸು. ಅವತ್ತೇ ಬೀಗದಕೈ ನಿನ್ನದು.”

“ಆಕಾಶ ಅಸಲಿ ಇದ್ರೆ ಸಾಕಾ ಮಾವ?”

“ಆಕಾಶವೇ ಅಸಲಿ ಅಂದ ಮೇಲೆ ಇನ್ನೇನಮ್ಮ ಬೇಕು?”

“ಅತ್ತೆ, ನೀವೇ ಸಾಕ್ಷಿ.”

ಬಟಾಣಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತದೆ ಹೂಂಗುಟ್ಟಿದರು. ಅವತ್ತು ಗುರುವಾರ.

ಭಾನುವಾರ ಬೆಳಿಗ್ಗೆ ನಾಲ್ಕನೆಯ ಚಿತ್ರ ಮೇಜಿಗೆ ಬಂತು. ಅದರಲ್ಲಿ ಒಂದೇ ಒಂದು ಬೆಟ್ಟ. ಕಂದು ಬಣ್ಣದ, ಗುಂಡಗಿನ, ಮರಗಿಡವಿಲ್ಲದ ಭಾರೀ ಬೆಟ್ಟ. ಇಳಿಜಾರಿನಲ್ಲಿ ಒಣಹುಲ್ಲು, ಬುಡದಲ್ಲಿ ಎರಡು ಮೂರು ಕಣಿವೆ. ಹಿಂದೆ ಆಕಾಶದ ತುಂಬ ನಕ್ಷತ್ರ.

“ಯಾವತ್ತಿಂದು? ಎಷ್ಟು ಗಂಟೆ?”

“ಆಕಾಶ ಶುಕ್ರವಾರದ್ದು ಮಾವ. ರಾತ್ರಿ ಒಂಬತ್ತು ಗಂಟೆ, ಪೂರ್ವ ದಿಕ್ಕು.”

ಮಾವ ನಕ್ಷತ್ರಪಟ ಹರಡಿದರು. ಅಡಿಕೋಲು ಇಟ್ಟರು. ಕೃತ್ತಿಕೆಯ ಗೊಂಚಲು ಇರಬೇಕಾದಲ್ಲೇ ಇತ್ತು. ಅದರ ಕೆಳಗೆ ರೋಹಿಣಿ, ಕೆಂಪಗೆ. ಚಂದ್ರ ಇರಲಿಲ್ಲ, ಅಮಾವಾಸ್ಯೆಗೆ ಎರಡೇ ದಿನ, ಇರಲೂ ಕೂಡದು. ಅರ್ಧ ಗಂಟೆ ಕಳೆಯಿತು. ಇದೂ ಬಿದ್ದುಹೋದರೆ ಕ್ಯಾಲೆಂಡರ್ ಕೈತಪ್ಪಿದಂತೆಯೇ.

“ಅಸಲಿ,” ಎಂದರು ಮಾವ ಕೊನೆಗೆ.

ಅಷ್ಟಕ್ಕೆ ಸುಮ್ಮನಾಗುವ ಜಾಯಮಾನ ಅವರದಲ್ಲ. “ಬೆಟ್ಟ ನೋಡಿದ ಕೂಡಲೇ ಅಂದ್ಕೊಂಡೆ. ನಮ್ಮ ಮೂಡಣ ಬೆಟ್ಟ! ಎಷ್ಟು ಸಲ ಹತ್ತಿಲ್ಲ ಇದನ್ನ! ತುದಿ ಮುಟ್ಟೋ ಅಷ್ಟರಲ್ಲಿ ಎಂಥವನಿಗೂ ಏದುಸಿರು.”

“ಈ ಬೆಟ್ಟಾನ ನಿಮಗಿಂತ ಹತ್ತಿರದಿಂದ ಬಲ್ಲವರು ಯಾರಿದಾರೆ ಮಾವ?”

ಅತ್ತೆ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಇನ್ನೊಂದು ಸಲ ನೋಡಿದರು. ಥಟ್ಟನೆ ಕೈ ಬಾಯಿಗೆ ಅಡ್ಡ ಹೋಯಿತು.

“ನನಗೂ ಗೊತ್ತು ಕಣ್ರೀ ಈ ಬೆಟ್ಟ. ನಮ್ಮ ಮದುವೆ ಹೊತ್ತಲ್ಲಿ ಇಷ್ಟು ಎತ್ತರ ಇರಲಿಲ್ಲ.”

“ಬೆಟ್ಟಗಳು ಬೆಳೀತವೆ ಕಣೇ. ಒಳಗಿನ ಒತ್ತಡ. ಅದಕ್ಕೇ ನಾಲ್ಕಕ್ಷರ ಓದ್ಬೇಕು ಅನ್ನೋದು.”

“ಒಳಗಿನ ಒತ್ತಡ, ಹೌದು ಹೌದು. ಮಧ್ಯಾಹ್ನ ಆದ್ರೆ ಗುಡುಗೂ ಜೋರು.”

“ಬೆಟ್ಟ ಅಂದ ಮೇಲೆ ಗುಡುಗು ಇದ್ದದ್ದೇ,” ಎಂದು ಮಾವ ಪಾಠ ಮುಗಿಸಿದರು.

ಹಟಮಾರಿ ಇರಬಹುದು, ಆಡಿದ ಮಾತಿಗೆ ತಪ್ಪುವವರಲ್ಲ. ಬೀಗದಕೈ ಸೊಸೆಯ ಕೈಗೆ ಬಂತು. ಸಂಜೆಯೊಳಗೆ ಪತ್ರಿಕೆಗಳು ಕೆಳಗಿಳಿದವು, ಕಂಪ್ಯೂಟರ್ ಮೇಲೇರಿತು. ಕಂಪನಿಗೆ ಹೂಂ ಎಂದು ಬರೆದು ಕಳಿಸಿದ ಸೊಸೆಗೆ ಸಂತೋಷ ತಡೆಯಲಾಗಲಿಲ್ಲ. ಬಾಗಿಲು ಹಾಕಿಕೊಂಡು ಒಬ್ಬಳೇ ಕುಣಿದಳು.

ಮಾವ ಚಿತ್ರಕ್ಕೆ ಕಟ್ಟು ಹಾಕಿಸಿ ಹಜಾರದಲ್ಲಿ ನೇತುಹಾಕಿದರು. ಬಂದವರಿಗೆಲ್ಲ ಅಡಿಕೋಲಿನಿಂದ ಹತ್ತುವ ದಾರಿ ತೋರಿಸಿದರು, ಜಾರುವ ಜಾಗ ಯಾವುದೆಂದು ಎಚ್ಚರಿಸಿದರು. ಪಕ್ಕದ ಮನೆಯವರು ಮುಂದಿನ ವಾರವೇ ಹೊರಡುವುದೆಂದು ತೀರ್ಮಾನಿಸಿದರು.

ಅತ್ತೆ ಮಾಳಿಗೆ ಹತ್ತಿ ಬಂದು ಬಾಗಿಲು ಮುಂದೆ ಮಾಡಿಕೊಂಡರು. “ಏನೇ ಹೇಳು, ಕಷ್ಟದ ಕೆಲಸವೇ ಮಾಡಿದೀಯ.”

“ಆಕಾಶ ಏನೂ ಕಷ್ಟ ಆಗ್ಲಿಲ್ಲ ಅತ್ತೆ, ನಮ್ಮ ತಾರಸಿ ಮೇಲಿಂದಲೇ ಸಿಕ್ತು. ಆದ್ರೆ ಶನಿವಾರ ಮಾವ ಊಟ ಮುಗಿಸಿ ಕಂಬಳಿ ಹೊದ್ದು ಅಂಗಾತ ಮಲಗಿದ್ರಲ್ಲ, ಒಂದೊಂದು ಗೊರಕೆಗೂ ಬೆಟ್ಟ ಗೇಣುದ್ದ ಏರಿ ಇಳೀತಿತ್ತು!”