ಯಾರ ಹಂಗೂ ಇಲ್ಲದೆ

ಹಳೆಯ ಪ್ರೋಗ್ರಾಮನ್ನು ಹೊಸ ಲ್ಯಾಪ್‌ಟಾಪಿನಲ್ಲಿ ಮೊದಲಿನಿಂದ ಕಂಪೈಲ್ ಮಾಡಿ, ಅಂದರೆ ಕೋಡಿನಿಂದ ಹೊಸದಾಗಿ ಕಟ್ಟಿ ತೋರಿಸಲು ಮ್ಯಾನೇಜರ್ ಹೇಳಿದ್ದರು. ಯತಿರಾಜ ಎಷ್ಟು ಸಲ ಮಾಡಿದರೂ ಅದು ಒಂದೇ ಕಡೆ ನಿಂತುಹೋಗುತ್ತಿತ್ತು. ಅದಕ್ಕೆ ಸುಕೃತಾ ಬರೆದಿದ್ದ ಒಂದು ಲೈಬ್ರರಿ, ಅಂದರೆ ಕೋಡಿನ ಫೈಲ್, ಬೇಕಿತ್ತು. ಅದು ಆಫೀಸಿನ ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ. ಸುಕೃತಾಳೂ ಇರಲಿಲ್ಲ. ಅವಳನ್ನು ಕೆಲಸದಿಂದ ತೆಗೆದದ್ದು ಇವನ ಮಾತಿನ ಮೇಲೆಯೇ. 'ಅವಳ ಕೆಲಸಾನೂ ನಾನೇ ನೋಡ್ಕೋತೀನಿ ಸರ್' ಎಂದಿದ್ದ.

ಬೇರೆ ದಾರಿ ಕಾಣದೆ ಅವಳಿಗೇ ಫೋನ್ ಮಾಡಿದ.

"ಆ ಲೈಬ್ರರಿದು ಒಂದು ಕಾಪಿ ನಿನ್ನ ಹತ್ರ ಇದ್ಯಾ?"

"ಇದೆ. ಯಾವ ಲ್ಯಾಪ್‌ಟಾಪಲ್ಲಿ ಮಾಡ್ತಿದೀಯ?"

"ಹೊಸದ್ರಲ್ಲಿ. ನನಗೇ ಕೊಡ್ತಾರೆ ಅನ್ಸುತ್ತೆ."

"ಮ್ಯಾನೇಜರ್ ಹೇಳಿದ್ರಾ?"

"ಹ್ಞೂಂ."

"ಸರಿ, ಈಗಲೇ ಕಳಿಸ್ತೀನಿ."

ಪಾಪ, ಒಳ್ಳೆಯವಳೇ ಅನಿಸಿತು ಅವನಿಗೆ. ಫೈಲ್ ಬಂತು. ಈ ಸಲ ಒಂದೂ ಎರರ್ ಇಲ್ಲದೆ ಕಂಪೈಲ್ ಆಯಿತು. ಮ್ಯಾನೇಜರನ್ನು ಕರೆದು ತೋರಿಸಿದ.

"ಇನ್ನು ಇದಕ್ಕೆ ಯಾರ ಹಂಗೂ ಇಲ್ಲ ತಾನೆ?"

"ಯಾರ ಹಂಗೂ ಇಲ್ಲ ಸರ್. ಯಾರು ಬೇಕಾದ್ರೂ ನಡೆಸಬಹುದು."

"ಗುಡ್." ಮ್ಯಾನೇಜರ್ ಲ್ಯಾಪ್‌ಟಾಪನ್ನು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. "ಒಂದ್ನಿಮಿಷ ಎಚ್‌ಆರ್ ರೂಮಿಗೆ ಬನ್ನಿ."

ಅವನು ಏಳುವಾಗ ಮೊಬೈಲಿಗೆ ಸುಕೃತಾಳ ಮೆಸೇಜ್ ಬಂತು.

"ನನ್ನ ಕೊನೇ ದಿನಾನೂ ಇದೇ ಕೆಲಸ ಕೊಟ್ಟಿದ್ರು. ನಾನು ಮುಗಿಸಿರಲಿಲ್ಲ. ನಿಂದು ಮುಗೀತಾ?"