ಒದ್ದೆ ಅರಿವೆ

೧೯೫೬ರ ಖಂಡೇಪೂಜೆ, ಮಧ್ಯಾಹ್ನ ಮೂರು ಗಂಟೆ. ಜಕ್ಕಲಿಯ ನಮ್ಮ ಪಡಸಾಲೆಯಲ್ಲಿ ಅಪ್ಪ, ಅಜ್ಜಿ, ನಾನು, ಓಣಿಯ ಮಂದಿ. ಧಾರವಾಡಕ್ಕೆ ಹೋಗಿದ್ದ ಅಪ್ಪನ ತಂಗಿ ವಿಧವೆಯರ ಕುರಿತ ತನ್ನ ಕವಿತೆಯನ್ನು ರೇಡಿಯೋದಲ್ಲಿ ಓದುವವಳಿದ್ದಳು. ಮಗಳ ದನಿಗಾಗಿ ಅಜ್ಜಿ ಎಲ್ಲರಿಗಿಂತ ಮುಂದೆ ಕುಳಿತಿದ್ದಳು.

ಅರ್ಧ ಗಂಟೆ ಮೊದಲಷ್ಟೇ ಆಯುಧಗಳ ಪೂಜೆಗೆಂದು ಕುಡಗೋಲು, ಕೊಡಲಿ ತೊಳೆದ ನಾನು ರೇಡಿಯೋವನ್ನೂ ತೊಳೆದಿದ್ದೆ.

ಅಪ್ಪ ಗುಂಡಿ ತಿರುವಿದರು. ಚಟ್ಟೆಂದಿತು, ಸುಟ್ಟ ವಾಸನೆ ಎದ್ದಿತು. ಇಂದಿಗೂ ತಂತಿ ಸುಟ್ಟ ವಾಸನೆಗೆ ನನ್ನ ಅಂಗೈ ಬೆವರುತ್ತದೆ.

"ಕವಿತಾ ಬರಲಿಲ್ರಿ, ಹೊಗಿ ಬಂತು!" ಎಂದು ಯಾರೋ ನಕ್ಕರು.

"ಯಾರ ಮುಟ್ಟೀರಿ ಇದನ್ನ?" ಅಪ್ಪ ಗದರಿದರು.

ಅಜ್ಜಿ ನನ್ನ ತೊಯ್ದ ಲಂಗ ನೋಡಿದಳು. "ನಾನ ತೊಳದೇನಪಾ. ಖಂಡೇಪೂಜಿ ಅಲ್ಲೇನು?"

"ಮಗಳ ದನಿ ನೀನ ಕಳಕೊಂಡ್ಯಲ್ಲವ್ವಾ!"

ಮಂದಿ ಎದ್ದುಹೋದ ಮೇಲೆ ಅಜ್ಜಿ ನನ್ನನ್ನು ಕರೆದು, "ಆ ಹಸಿ ಅರಿವಿ ಲಗೂ ಒಣಹಾಕು" ಎಂದಳು.

ನಾನು ಲಂಗ ಬದಲಿಸಿ, ತೊಯ್ದದ್ದನ್ನು ಹಿಂಡಿ, ಒಣಹಾಕಿ ಬಂದೆ.